ಸರದಿ ಊಟ ಬಿಡಬೇಡಿ, ಬಗೆ ಕಡಿಮೆ ಮಾಡಿ

ಪ್ರಶ್ನೆ: ಬೆಂಗಳೂರಿನಲ್ಲಿ ನಾವು ನಾಲ್ಕು ಮನೆಯವರು, ಎಂಟು ಜನ, ತಿಂಗಳಿಗೊಮ್ಮೆ ಸರದಿಯ ಮೇಲೆ ಒಬ್ಬರ ಮನೆಯಲ್ಲಿ ವಿಶೇಷ ಊಟ ಮಾಡುತ್ತೇವೆ. ಶುರುವಾದಾಗ ಮೂರು ಬಗೆ ಇರುತ್ತಿತ್ತು, ಕಳೆದ ತಿಂಗಳು ಹನ್ನೊಂದಕ್ಕೇರಿತು. ಅಡುಗೆಯವರನ್ನೂ ಕರೆಸಿದ್ದರು. ಮುಂದಿನ ಸರದಿ ನನ್ನದು. ಪುಟ್ಟ ಬಾಡಿಗೆ ಮನೆ, ಎರಡು ಬರ್ನರ್ ಒಲೆ. ಏನಾದರೂ ನೆಪ ಹೇಳಿ ಬಿಟ್ಟುಬಿಡಲೇ?

ಉತ್ತರ: ನೆಪ ಹೇಳಬೇಡಿ. ಒಂದು ತಿಂಗಳಿಗೆ ನೆಪ ಸಿಗುತ್ತದೆ, ನಾಲ್ಕು ತಿಂಗಳ ನಂತರ ಸರದಿ ಮತ್ತೆ ಬರುತ್ತದೆ. ನಿಮ್ಮ ಸ್ನೇಹಿತರು ಕೆಟ್ಟವರೆಂದು ಹೀಗಾಗಿಲ್ಲ. ಎಷ್ಟು ಬಗೆ ಸಾಕು ಎಂದು ಯಾರೂ ಮೊದಲೇ ಮಾತಾಡಿಕೊಂಡಿಲ್ಲ, ಹಾಗಾಗಿ ಪ್ರತಿಯೊಬ್ಬರೂ ಹಿಂದಿನವರಿಗಿಂತ ಒಂದು ಹೆಚ್ಚು ಇಟ್ಟರು. ಆ ಮಾತನ್ನು ಈಗ ನೀವು ಆಡಿ. ಊಟಕ್ಕೆ ಹತ್ತು ದಿನ ಮೊದಲೇ ಗುಂಪಿಗೆ ಹೀಗೆ ಬರೆಯಿರಿ: ‘ಈ ಸಲ ನಮ್ಮನೇಲಿ ಉತ್ತರ ಕರ್ನಾಟಕದ ಊಟ. ಮಾಡೋದು ನಾಲ್ಕೇ ಬಗೆ. ಮೊಸರು ಒಬ್ರು, ಹಣ್ಣು ಒಬ್ರು, ಎಲೆ ಅಡಿಕೆ ಒಬ್ರು ತನ್ನಿ.’ ಯಾರು ಏನು ತರಬೇಕೆಂದು ಹೆಸರು ಹಾಕಿಯೇ ಬರೆಯಿರಿ, ಇಲ್ಲದಿದ್ದರೆ ಮೂರೂ ಮನೆಯಿಂದ ಸ್ವೀಟ್ ಬಾಕ್ಸೇ ಬರುತ್ತದೆ.

ಈ ಊಟವನ್ನೇ ಹೇಳಲು ಕಾರಣ ನಿಮ್ಮ ಒಲೆ. ದೋಸೆ, ಪೂರಿ ಇಟ್ಟುಕೊಂಡರೆ ಎಂಟು ಜನ ತಿಂದು ಏಳುವವರೆಗೂ ನೀವು ಕಾವಲಿ ಮುಂದೆಯೇ ನಿಂತಿರಬೇಕು. ಖಡಕ್ ರೊಟ್ಟಿ ಅಂಗಡಿಯಲ್ಲಿ ಸಿಗುತ್ತದೆ, ಇಪ್ಪತ್ತನಾಲ್ಕು ತಂದಿಡಿ. ಹಲ್ಲಿಗೆ ಗಟ್ಟಿ ಅನ್ನುವವರಿಗೆ ನೀರು ಚಿಮುಕಿಸಿ ಬಟ್ಟೆಯಲ್ಲಿ ಹತ್ತು ನಿಮಿಷ ಸುತ್ತಿಟ್ಟರೆ ಮೆತ್ತಗಾಗುತ್ತದೆ.

ಎಣ್ಣೆಗಾಯಿಗೆ ಸಣ್ಣ ಬದನೆ ಒಂದು ಕಿಲೋ, ಹುರಿದ ಶೇಂಗಾ 200 ಗ್ರಾಂ, ಎಳ್ಳು 50, ಒಣಕೊಬ್ಬರಿ 50, ಗುರೆಳ್ಳು 25 ಗ್ರಾಂ. ಹುಣಸೆ, ಬೆಲ್ಲ, ಖಾರ ನಿಮ್ಮ ಬಾಯಿಗೆ ತಕ್ಕಂತೆ. ಪುಡಿಯನ್ನು ಎರಡು ದಿನ ಮೊದಲೇ ಮಾಡಿಡಿ. ಬದನೆಯ ತೊಟ್ಟು ತೆಗೆಯದೆ ನಾಲ್ಕಾಗಿ ಸೀಳಿ ಉಪ್ಪುನೀರಿಗೆ ಹಾಕಿ, ಕಪ್ಪಾಗುವುದಿಲ್ಲ. ಆಮೇಲೆ ಈ ಮಸಾಲೆ ತುಂಬಿ ಬೇಯಿಸಿ. ಎಲ್ಲವೂ ಒಂದೇ ಪದರದಲ್ಲಿ ಕೂರುವಂಥ ಅಗಲ, ದಪ್ಪ ತಳದ ಪಾತ್ರೆ ಬೇಕು. ಸೌಟು ಆಡಿಸಿದರೆ ಕಾಯಿ ಒಡೆಯುತ್ತದೆ, ಪಾತ್ರೆಯನ್ನೇ ಹಿಡಿದು ಅಲುಗಿಸಿ. ಶೇಂಗಾ ತಳಕ್ಕಿಳಿದು ಹತ್ತಿಕೊಳ್ಳುವುದರಿಂದ ಉರಿ ಸಣ್ಣಗಿರಲಿ. ಸಂಜೆ ನಾಲ್ಕಕ್ಕೆ ಮಾಡಿ ಇಳಿಸಿದರೆ ರಾತ್ರಿ ಎಂಟರ ಹೊತ್ತಿಗೆ ಮಸಾಲೆ ಕಾಯಿಯೊಳಗೆ ಇಳಿದು ರುಚಿ ಹೆಚ್ಚುತ್ತದೆ. ಅಷ್ಟರಲ್ಲಿ ಶೇಂಗಾ ನೀರು ಹೀರಿ ರಸ ಗಟ್ಟಿಯಾಗಿರುತ್ತದೆ. ಬಡಿಸುವ ಮುನ್ನ ಅರ್ಧ ಲೋಟ ಬಿಸಿನೀರು ಹಾಕಿ ಕಾಯಿಸಿ. ತಣ್ಣೀರು ಬೇಡ.

ಜೊತೆಗೆ ಮೊಳಕೆ ಮಡಿಕೆಕಾಳಿನ ಪಲ್ಯ. 300 ಗ್ರಾಂ ಕಾಳನ್ನು ಹಿಂದಿನ ದಿನ ಬೆಳಿಗ್ಗೆ ನೆನೆಸಿ, ಸಂಜೆ ಬಸಿದು ಬಟ್ಟೆಯಲ್ಲಿ ಕಟ್ಟಿಡಿ. ಸಿಹಿಗೆ ಗೋಧಿ ಹುಗ್ಗಿ: ಕುಟ್ಟಿದ ಗೋಧಿ 300 ಗ್ರಾಂ ರಾತ್ರಿ ನೆನೆಸಿ ಬೆಳಿಗ್ಗೆ ಕುಕ್ಕರಿನಲ್ಲಿ ಬೇಯಿಸಿ, ಬೆಲ್ಲವೂ ಅಷ್ಟೇ ತೂಕ. ಗೋಧಿಯನ್ನು ಎರಡು ಬೆರಳಲ್ಲಿ ಒತ್ತಿದರೆ ನುಣ್ಣಗೆ ಹಿಸುಕಿಹೋಗಬೇಕು, ಆಮೇಲೆಯೇ ಬೆಲ್ಲ. ಬೆಲ್ಲ ಬಿದ್ದ ಮೇಲೆ ಗೋಧಿ ಮತ್ತೆ ಮೆತ್ತಗಾಗುವುದಿಲ್ಲ, ಹುಗ್ಗಿ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಹಾಲನ್ನು ಹುಗ್ಗಿ ಆರಿದ ಮೇಲೆ ಬೆರೆಸಿ, ಬಿಸಿ ಬೆಲ್ಲಕ್ಕೆ ಸುರಿದರೆ ಒಡೆಯುತ್ತದೆ. ಇಷ್ಟಾದರೆ ಅತಿಥಿಗಳು ಬಂದ ಮೇಲೆ ಒಲೆಯ ಮೇಲಿರುವುದು ಅನ್ನ ಮತ್ತು ಬಿಸಿ ಮಾಡುವ ಪಾತ್ರೆ ಮಾತ್ರ.

ಜಾಗ ಸಣ್ಣದು ಎಂದು ಕುಗ್ಗಬೇಡಿ. ಚಾಪೆ ಹಾಸಿ ನೆಲದ ಮೇಲೆ ಎರಡು ಸಾಲು ಕೂರಿಸಿ. ರೊಟ್ಟಿ ಊಟಕ್ಕೆ ಅದೇ ಚೆಂದ.

ಇನ್ನೊಂದು ಮುಖ್ಯ ಮಾತು. ಹನ್ನೊಂದು ಬಗೆ ಮಾಡಿದ ಗೆಳತಿಗೆ ಗುಂಪಿನ ಸಂದೇಶಕ್ಕಿಂತ ಮುಂಚೆ ನೀವೇ ಫೋನ್ ಮಾಡಿ. ‘ನಿಮ್ಮಷ್ಟು ನನ್ನ ಕೈಲಾಗಲ್ಲ, ಆದ್ರೆ ಎಲ್ರೂ ಬರೋದು ನನಗೆ ಬೇಕು’ ಎಂದು ನೇರವಾಗಿ ಹೇಳಿ. ಸಂದೇಶದಲ್ಲೇ ಮೊದಲು ಓದಿದರೆ ತನ್ನನ್ನೇ ಚುಚ್ಚಿದ್ದು ಅನ್ನಿಸುತ್ತದೆ. ಫೋನಿನಲ್ಲೇ ಅವರಿಗೆ ಮೊಸರಿನ ಜವಾಬ್ದಾರಿ ಒಪ್ಪಿಸಿಬಿಡಿ, ಎಂಟು ಜನಕ್ಕೆ ಎರಡು ಲೀಟರ್.