ಡಿಲ್ ಯಾಕೆ ಅತ್ತ, ಅಲ್ಲಿಂದ ಶುರು ಮಾಡಿ

ನಮಸ್ಕಾರ.

ಹಾರ್ಪರ್ ಲೀ ಅವರ ಕಾದಂಬರಿ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಬಗ್ಗೆ ನೀವು ಕಳಿಸಿದ ‘ಮಾನವೀಯತೆಯ ಮಹಾಕಾವ್ಯ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ಸುತ್ತಿ ಬಳಸಿ ಹೇಳಿದರೆ ನಿಮಗೂ ಹೊತ್ತು ಹಾಳು, ಅದಕ್ಕೇ ಮೊದಲೇ ಹೇಳಿಬಿಟ್ಟೆ. ಆದರೆ ಐದನೇ ಪುಟದಲ್ಲಿ ನೀವು ಬರೆದ ಒಂದು ಸಾಲಿದೆ. ಈ ಉದ್ದದ ಪತ್ರ ಅದೊಂದು ಸಾಲಿಗಾಗಿ.

ಅಲ್ಲಿಗೆ ಬರುವ ತನಕ, ನೀವು ಪುಸ್ತಕ ಓದಿಲ್ಲ, 1962ರ ಸಿನಿಮಾ ನೋಡಿ ಬರೆದಿದ್ದೀರಿ ಅಂತಲೇ ಅಂದುಕೊಂಡಿದ್ದೆ. ಬೇಜಾರು ಮಾಡಿಕೊಳ್ಳಬೇಡಿ. ಮೊದಲ ನಾಲ್ಕು ಪುಟ ಪೂರ್ತಿ ಕಥೆಯ ಸಾರಾಂಶ. ಅಲಬಾಮಾದ ಮೇಕೋಂಬ್ ಅನ್ನುವ ಕಲ್ಪಿತ ಊರು, 1930ರ ದಶಕ, ಬಿಳಿ ಹುಡುಗಿ ಮಯೆಲಾಳ ಮೇಲೆ ಅತ್ಯಾಚಾರ ಮಾಡಿದ ಅಂತ ಸುಳ್ಳು ಆರೋಪ ಹೊತ್ತ ಕರಿಯ ಟಾಮ್ ರಾಬಿನ್ಸನ್, ಅವನ ಪರ ನಿಂತ ವಕೀಲ ಆಟಿಕಸ್ ಫಿಂಚ್, ಇದನ್ನೆಲ್ಲ ಹೇಳುವ ಅವನ ಮಗಳು ಸ್ಕೌಟ್, ಅವಳ ಪುಟ್ಟ ಗೆಳೆಯ ಡಿಲ್. ಇಷ್ಟು ಹೇಳಲು ಒಂದು ಪ್ಯಾರಾ ಸಾಕು. ಉಳಿದಿದ್ದು ಗ್ರೆಗರಿ ಪೆಕ್ ಮುಖವೇ ಕಣ್ಣಮುಂದೆ ಬರುವಂಥ ಆಟಿಕಸ್ ಸ್ತುತಿ. ಪೆಕ್‌ಗೆ ಆ ಪಾತ್ರಕ್ಕೆ ಆಸ್ಕರ್ ಬಂತು, ಸರಿ. ನಿಮ್ಮ ಲೇಖನಕ್ಕೆ ಅದರಿಂದ ಏನೂ ಬರಲಿಲ್ಲ.

ಆಮೇಲೆ ಇದು ಸಿಕ್ಕಿತು: ‘ವಿಚಾರಣೆ ನಡೆಯುವಾಗ ಡಿಲ್ ಅತ್ತುಬಿಡುತ್ತಾನೆ, ಯಾಕೆ ಅಂತ ಅವನಿಗೇ ಸರಿಯಾಗಿ ಹೇಳಲು ಬರುವುದಿಲ್ಲ.’ ಇದು ಸಿನಿಮಾದಲ್ಲಿ ಇಲ್ಲ. ಅಂದರೆ ನೀವು ಪುಸ್ತಕ ಓದಿದ್ದೀರಿ, ಅಲ್ಲಿ ನಿಂತಿದ್ದೀರಿ ಕೂಡ. ಮತ್ತೆ ಯಾಕೆ ಒಂದೇ ಸಾಲು ಬರೆದು ‘ಹೀಗೆ ಕಾದಂಬರಿಯು ಮುಗ್ಧತೆಯನ್ನು ಚಿತ್ರಿಸುತ್ತದೆ’ ಅಂತ ಮುಂದೆ ಹೋದಿರಿ?

ಸ್ವಲ್ಪ ಅಲ್ಲೇ ಕೂರೋಣ. ಸರ್ಕಾರಿ ವಕೀಲ ಗಿಲ್ಮರ್ ಟಾಮ್‌ನನ್ನು ಪ್ರಶ್ನೆ ಮಾಡುತ್ತಿದ್ದಾನೆ. ಅದನ್ನು ಕೇಳಲಾಗದೆ ಡಿಲ್‌ಗೆ ಅಳು ಬರುತ್ತದೆ. ಸ್ಕೌಟ್ ಅವನನ್ನು ಹೊರಗೆ ಕರೆದುಕೊಂಡು ಹೋಗುತ್ತಾಳೆ. ಹೋಗಿ ಸಮಾಧಾನಕ್ಕೆ ಏನು ಹೇಳುತ್ತಾಳೆ? ಅವನು ಎಷ್ಟಾದರೂ ಕರಿಯ ತಾನೇ, ಅನ್ನುತ್ತಾಳೆ. ಆಟಿಕಸ್ ಮಗಳು! ನಿಮ್ಮ ಲೇಖನ ‘ದ್ವೇಷದ ಸೋಂಕಿಲ್ಲದ ಹೂವು’ ಅಂತ ಕರೆದ ಹುಡುಗಿ! ಈ ಮಾತನ್ನು ನೀವು ಓದಿಯೂ ಬಿಟ್ಟಿದ್ದೀರಿ. ಲೀ ಮಾತ್ರ ಬಿಡಲಿಲ್ಲ. ಅಪ್ಪ ಎಷ್ಟೇ ಒಳ್ಳೆಯವನಾದರೂ ಊರು ಮಗುವಿನ ಬಾಯಿಗೆ ತನ್ನ ಮಾತನ್ನು ತುರುಕಿರುತ್ತದೆ.

ಅಲ್ಲೇ ಮರದ ಕೆಳಗೆ ಡಾಲ್ಫಸ್ ರೇಮಂಡ್ ಕೂತಿದ್ದಾನೆ. ಕಾಗದದ ಚೀಲದಲ್ಲಿ ಕೋಕಾ-ಕೋಲಾ ಇಟ್ಟುಕೊಂಡು ಕುಡುಕನ ಹಾಗೆ ನಟಿಸುವವನು. ಕರಿಯರ ಜೊತೆ ಬಾಳುವ ಬಿಳಿಯನನ್ನು ಊರು ಒಪ್ಪುವುದಿಲ್ಲ, ಕುಡುಕ ಅಂದರೆ ಸುಮ್ನಿರುತ್ತದೆ, ಅದಕ್ಕೆ ಈ ವೇಷ. ಅವನು ಡಿಲ್ ಬಗ್ಗೆ ಹೇಳುವುದು ಇಷ್ಟು: ಇನ್ನೂ ಸ್ವಲ್ಪ ದೊಡ್ಡವನಾಗಲಿ, ಆಮೇಲೆ ಅಳುವುದಿಲ್ಲ. ಮುಂದೆ ತೀರ್ಪು ಬಂದ ಮೇಲೆ ಸ್ಕೌಟ್‌ನ ಅಣ್ಣ ಜೆಮ್ ಅಳುತ್ತಾನೆ. ಆಟಿಕಸ್ ಕೂಡ ಆ ರಾತ್ರಿ ಹೆಚ್ಚುಕಡಿಮೆ ಇದೇ ಮಾತು ಆಡುತ್ತಾನೆ, ಇಂಥದ್ದಕ್ಕೆ ಅಳುವವರು ಮಕ್ಕಳು ಮಾತ್ರ ಅಂತ ಕಾಣುತ್ತದೆ ಎಂದು. ನೀವು ‘ಬೆಳೆಯುವುದು ಎಂದರೆ ಅರಿವು ಮೂಡುವುದು’ ಎಂದು ಬರೆದಿದ್ದೀರಿ. ಈ ಎರಡು ಮಾತು ಪಕ್ಕದಲ್ಲಿಟ್ಟು ನೋಡಿ. ಈ ಊರಿನಲ್ಲಿ ಬೆಳೆಯುವುದು ಎಂದರೆ ಅಳು ನಿಲ್ಲುವುದು. ನಿಮ್ಮ ಲೇಖನ ಇದೇ ಆಗಬೇಕಿತ್ತು.

ಇನ್ನು ಭಾಷೆ. ನೀವು ಬರೆದಿರುವುದು: ‘ನಿಮಗೆ ಆಕೆಯ ಮೇಲೆ ಕನಿಕರವಿತ್ತೇ ಎಂದು ಸರ್ಕಾರಿ ವಕೀಲರು ಟಾಮ್ ಅವರನ್ನು ಪ್ರಶ್ನಿಸಿದರು.’ ಏನು ಮರ್ಯಾದೆ ಸ್ವಾಮಿ! ಗಿಲ್ಮರ್ ಹೀಗೆ ಕೇಳಿದ್ದರೆ ಡಿಲ್ ಅಳುತ್ತಲೇ ಇರಲಿಲ್ಲ. ಟಾಮ್‌ಗೆ 25 ವರ್ಷ. ಹೆಂಡತಿ, ಮೂರು ಮಕ್ಕಳಿದ್ದಾರೆ. ಅವನನ್ನು ಗಿಲ್ಮರ್ ‘ಬಾಯ್’ ಅಂತ ಕರೆಯುತ್ತಾನೆ. ಇಂಗ್ಲಿಷಿನಲ್ಲಿ ‘ಯೂ’ ಎಲ್ಲರಿಗೂ ಒಂದೇ, ಹಾಗಾಗಿ ಲೀ ಅವರಿಗೆ ಆ ‘ಬಾಯ್’ ಬೇಕಾಯಿತು. ನಿಮ್ಮ ಕೈಯಲ್ಲಿ ಏಕವಚನವೇ ಇದೆ. ‘ಏನೋ, ನಿನಗೆ, ಅವಳ ಮೇಲೆ, ಕನಿಕರಾನಾ?’ ಅಷ್ಟು ಸಾಕು. ಜಮೀನಿನ ಒಡೆಯರ ಮನೆಯ ಚೋಟುದ್ದ ಹುಡುಗ ಅಜ್ಜನ ವಯಸ್ಸಿನ ಆಳನ್ನು ‘ಬಾರೋ’ ಅನ್ನುವುದನ್ನು ಕೇಳಿದ ಯಾವ ಕನ್ನಡದ ಓದುಗರಿಗೂ ಇದಕ್ಕೆ ಟಿಪ್ಪಣಿ ಬೇಡ. ಆ ಕೋರ್ಟಿನಲ್ಲಿ ಟಾಮ್‌ನ ನಿಜವಾದ ತಪ್ಪು ಆ ಕನಿಕರವೇ ತಾನೇ? ಕರಿಯನೊಬ್ಬ ಬಿಳಿ ಹುಡುಗಿಗೆ ಪಾಪ ಅನ್ನಬಹುದೇ?

ಇದರ ಇನ್ನೊಂದು ಮಗ್ಗುಲೂ ಇದೆ. ಆಟಿಕಸ್ ಮಯೆಲಾಳನ್ನು ಮರ್ಯಾದೆಯಿಂದ ಮಾತಾಡಿಸಿದರೆ ಅವಳು ಸಿಡುಕುತ್ತಾಳೆ, ನನ್ನನ್ನು ಆಡಿಕೊಳ್ಳುತ್ತಿದ್ದಾನೆ ಅಂತ. ಊರಿನ ಕಸ ಸುರಿಯುವ ಜಾಗದ ಹಿಂದೆ ಬೆಳೆದ 19 ವರ್ಷದ ಹುಡುಗಿಗೆ ಬಹುವಚನ ಕೇಳಿಯೇ ಗೊತ್ತಿಲ್ಲ. ಒಂದೇ ಕೋರ್ಟು, ಒಂದೇ ದಿನ, ಒಬ್ಬನಿಗೆ ಏಕವಚನ, ಒಬ್ಬಳಿಗೆ ಬಹುವಚನ, ಎರಡೂ ಚುಚ್ಚುತ್ತವೆ. ಇದನ್ನು ಕನ್ನಡದಲ್ಲಿ ಎಷ್ಟು ಚೆನ್ನಾಗಿ ತರಬಹುದು! ನೀವು ಎಲ್ಲರಿಗೂ ಪತ್ರಿಕೆಯ ‘ಅವರು’ ಹಂಚಿಬಿಟ್ಟಿದ್ದೀರಿ.

ನೀವು ಪಾತ್ರಗಳನ್ನೂ ಹೀಗೇ ತೊಳೆದು ಇಸ್ತ್ರಿ ಮಾಡಿ ನಿಲ್ಲಿಸಿದ್ದೀರಿ. ‘ಧೈರ್ಯ’ ಅನ್ನುವ ಪದ ಹನ್ನೊಂದು ಸಲ ಬಂದಿದೆ, ಹನ್ನೊಂದೂ ಆಟಿಕಸ್‌ಗೆ. ಆದರೆ ಆಟಿಕಸ್ ತಾನು ಕಂಡವರಲ್ಲೆಲ್ಲ ಧೈರ್ಯವಂತೆ ಅಂತ ಹೇಳುವುದು ಯಾರನ್ನು? ಮಿಸೆಸ್ ಡುಬೋಸ್‌ಳನ್ನು. ಕರಿಯನ ಪರ ವಾದಿಸುತ್ತಾನೆ ಅಂತ ಅವನ ಮಕ್ಕಳ ಮುಂದೆಯೇ ಅವನನ್ನು ಹೀನಾಯವಾಗಿ ಬೈದ ಮುದುಕಿ. ಅವಳ ಕ್ಯಾಮೆಲಿಯಾ ಗಿಡಗಳನ್ನು ಜೆಮ್ ಸಿಟ್ಟಿನಲ್ಲಿ ಕತ್ತರಿಸುತ್ತಾನೆ, ಅದರ ಶಿಕ್ಷೆಗೆ ದಿನಾ ಹೋಗಿ ಅವಳಿಗೆ ಓದಿ ಹೇಳಬೇಕಾಗುತ್ತದೆ. ಸತ್ತ ಮೇಲೆ ಗೊತ್ತಾಗುವುದು, ಅವಳು ಮಾರ್ಫಿನ್ ಚಟ ಬಿಟ್ಟೇ ಸಾಯಬೇಕೆಂದು ಹಟ ಹಿಡಿದಿದ್ದಳು, ಆ ಓದಿನ ಹೊತ್ತಿನಲ್ಲೇ ನರಳುತ್ತ ಬಿಟ್ಟಳು. ಧೈರ್ಯ ಮತ್ತು ಜನಾಂಗ ದ್ವೇಷ ಒಂದೇ ಮೈಯಲ್ಲಿ. ನನಗೆ ಇದು ಈವತ್ತಿಗೂ ಪೂರ್ತಿ ಜೀರ್ಣವಾಗಿಲ್ಲ. ನಿಮಗೆ ಹೇಗನ್ನಿಸಿತು ಅಂತ ಓದುವ ಆಸೆಯಿತ್ತು, ನಿಮ್ಮ ಲೇಖನದಲ್ಲಿ ಅವಳ ಹೆಸರೇ ಇಲ್ಲ.

ಆಟಿಕಸ್‌ನನ್ನು ದೇವರು ಅನ್ನುವ ಮುಂಚೆ 2015ರಲ್ಲಿ ಬಂದ ‘ಗೋ ಸೆಟ್ ಎ ವಾಚ್‌ಮನ್’ ಒಮ್ಮೆ ತಿರುವಿ ಹಾಕಿ. ಲೀ ಮೊದಲು ಬರೆದಿದ್ದು ಅದು. ಅದರಲ್ಲಿ ಮುದುಕ ಆಟಿಕಸ್ ಕರಿಯರ ಸಮಾನ ಹಕ್ಕಿನ ವಿರೋಧಿಗಳ ಸಭೆಯಲ್ಲಿ ಕೂತಿರುತ್ತಾನೆ. ಪ್ರಕಾಶನದ ಸಂಪಾದಕಿ ಟೇ ಹೋಹಾಫ್ ಆ ಪ್ರತಿ ಓದಿ, ಮತ್ತೆ ಮತ್ತೆ ತಿದ್ದಿ ಬರೆಸಿದರು. ಎರಡು ವರ್ಷಕ್ಕೂ ಜಾಸ್ತಿ ಹಿಡಿಯಿತು. ಹೀಗೆ ಬಂದಿದ್ದು 1960ರ ಪುಸ್ತಕ. ನಾನು ನಿಮ್ಮನ್ನು ಕೇಳುತ್ತಿರುವುದು ಒಂದು ತಿಂಗಳು ಅಷ್ಟೇ.

ಗುಲಾಮರ ಹಡಗಿನಿಂದ ಒಬಾಮಾವರೆಗಿನ ಒಂದೂವರೆ ಪುಟದ ಇತಿಹಾಸ ತೆಗೆದುಬಿಡಿ. ಅದರ ಬದಲು ಸ್ಕಾಟ್ಸ್‌ಬರೊ ಪ್ರಕರಣ ಒಂದನ್ನೇ ಇಟ್ಟುಕೊಳ್ಳಿ. 1931ರಲ್ಲಿ ಅದೇ ಅಲಬಾಮಾದಲ್ಲಿ ಒಂಬತ್ತು ಕರಿಯ ಹುಡುಗರ ಮೇಲೆ ಇಬ್ಬರು ಬಿಳಿ ಹೆಂಗಸರ ವಿಷಯದಲ್ಲಿ ಇಂಥದ್ದೇ ಆರೋಪ ಬಂತು, ತೀರ್ಪು ಕೊಟ್ಟವರು ಬಿಳಿಯರು ಮಾತ್ರ ಇದ್ದ ಜ್ಯೂರಿ. ಜ್ಯೂರಿಯಿಂದ ಕರಿಯರನ್ನು ಹೀಗೆ ಹೊರಗಿಡುವುದು ತಪ್ಪು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1935ರಲ್ಲಿ ಹೇಳಿತು. ಕಾದಂಬರಿಯ ವಿಚಾರಣೆ ನಡೆಯುವುದೂ ಆ ವರ್ಷವೇ, ಮೇಕೋಂಬ್‌ನ ಜ್ಯೂರಿಯಲ್ಲಿ ಕೂತವರು ಮಾತ್ರ ಬಿಳಿ ಗಂಡಸರೇ.

ಎರಡು ತಪ್ಪು ತಿದ್ದಿಕೊಳ್ಳಿ. ಟಾಮ್‌ನನ್ನು ಗಲ್ಲಿಗೇರಿಸುವುದಿಲ್ಲ. ಮೇಲ್ಮನವಿಗೆ ಮುಂಚೆಯೇ ಜೈಲಿನಿಂದ ಓಡಲು ನೋಡಿದ ಅಂತ ಗುಂಡು ಹೊಡೆಯುತ್ತಾರೆ, ಮೈಯಲ್ಲಿ 17 ಗುಂಡಿನ ತೂತು. ಎಡಗೈ ಊನವಾದ ಒಬ್ಬ ಮನುಷ್ಯನಿಗೆ ಹದಿನೇಳು. ಎರಡನೆಯದು, ಮಾಕಿಂಗ್‌ಬರ್ಡ್ ಎಂದರೆ ಕೋಗಿಲೆ ಅಲ್ಲ. ಬೂದು ಬಣ್ಣದ ಅಮೆರಿಕದ ಹಕ್ಕಿ, ಬೇರೆ ಹಕ್ಕಿಗಳ ದನಿ ಅನುಕರಿಸುತ್ತದೆ. ಆ ಗುಣದಲ್ಲಿ ನಮ್ಮ ಕಾಜಾಣವೇ ಹತ್ತಿರ. ಹೆಸರು ಹಾಗೇ ಬಿಡಿ, ಓದುಗರು ಅರ್ಥಮಾಡಿಕೊಳ್ಳುತ್ತಾರೆ.

ಕೊನೆಗೆ ‘ನಮ್ಮ ಸಮಾಜದಲ್ಲೂ ಇಂಥ ಅನ್ಯಾಯಗಳಿವೆ’ ಅಂತ ಒಂದು ಸಾಲು ಬರೆದು ಓಡಿಹೋಗಿದ್ದೀರಿ. ಇದ್ದರೆ ಯಾವುದು, ಎಲ್ಲಿ, ನೀವೇನು ಕಂಡಿರಿ? ಬರೆಯುವುದಾದರೆ ಬರೆಯಿರಿ, ಇಲ್ಲವಾದರೆ ಆ ಸಾಲು ಬೇಡ.

ಹೊಸ ಪ್ರತಿ 1,200 ಪದ ದಾಟದಿರಲಿ. ಡಿಲ್ ಅಳುವುದು ಮೊದಲ ಪ್ಯಾರಾದಲ್ಲೇ ಬರಲಿ. ಶೀರ್ಷಿಕೆ ಆಮೇಲೆ ನೋಡೋಣ, ‘ಮಹಾಕಾವ್ಯ’ ಮಾತ್ರ ಬೇಡ.

ಇಂತಿ,
ಸಂಪಾದಕ