ಐಇಎಲ್‌ಟಿಎಸ್ ರೈಟಿಂಗ್‌ನಲ್ಲಿ 6 ಬಂದಿದೆ, ಯುಕೆ ಕನಸು ಬಿಡಬೇಕಾ?

ನರ್ಸ್ ಆಗಿ ಯುಕೆಗೆ ಹೋಗಲು ಬರೆದ ಈ ಇಂಗ್ಲಿಷ್ ಪರೀಕ್ಷೆಯಲ್ಲಿ ಓವರಾಲ್ 7 ಬಂದಿದೆ, ಉಳಿದ ಮೂರರಲ್ಲೂ 7ರ ಮೇಲಿದೆ, ರೈಟಿಂಗ್ ಮಾತ್ರ 6 ಅಂದಿದ್ದೀರಿ. ಖಂಡಿತ ಬಿಡಬೇಡಿ. ನರ್ಸ್‌ಗಳನ್ನು ನೋಂದಾಯಿಸುವ ಅಲ್ಲಿನ ಸಂಸ್ಥೆ ಎನ್‌ಎಂಸಿಗೆ ರೈಟಿಂಗ್‌ನಲ್ಲಿ 6.5 ಸಾಕು, ಉಳಿದವುಗಳಲ್ಲಿ 7 ಬೇಕು. 12 ತಿಂಗಳೊಳಗೆ ಬರೆದ ಎರಡು ಪರೀಕ್ಷೆಗಳ ಅಂಕಗಳನ್ನು ಜೋಡಿಸಿಯೂ ಕೊಡಬಹುದು. ಎರಡನೇ ಸಲ ರೈಟಿಂಗ್ ಏರಬೇಕು, ಉಳಿದವು 6.5ಕ್ಕಿಂತ ಕೆಳಗೆ ಇಳಿಯಬಾರದು, ಅಷ್ಟೇ. ಒಇಟಿಗೆ, ಅಂದರೆ ಆರೋಗ್ಯ ಕ್ಷೇತ್ರದವರಿಗೆಂದೇ ಇರುವ ಇಂಗ್ಲಿಷ್ ಪರೀಕ್ಷೆಗೆ, ಹೋದರೆ ಮಾತ್ರ ಲೆಕ್ಕ ಮೊದಲಿನಿಂದ ಶುರು. ಐಇಎಲ್‌ಟಿಎಸ್ ಜೊತೆ ಅದನ್ನು ಬೆರೆಸಲು ಬರುವುದಿಲ್ಲ. ಆದರೂ ನನ್ನ ಮತ ಒಇಟಿಗೇ. ಅಲ್ಲಿ ಪ್ರಬಂಧದ ಗೋಳಿಲ್ಲ. ಕೇಸ್ ನೋಟ್ಸ್ ನೋಡಿ ರೆಫರಲ್ ಅಥವಾ ಡಿಸ್ಚಾರ್ಜ್ ಪತ್ರ ಬರೆಯಬೇಕು, ಅದು ನಿಮಗೆ ವಾರ್ಡಿನ ಭಾಷೆಯೇ ಅಲ್ವಾ.

ಎನ್‌ಎಂಸಿ ನೋಂದಣಿಗೆ ಬೇಕಾದ ಕಂಪ್ಯೂಟರ್ ಪರೀಕ್ಷೆ ಸಿಬಿಟಿಯನ್ನು ಇಲ್ಲೇ ಬರೆಯಬಹುದು. ಅದರ ಲೆಕ್ಕದ ಭಾಗ, ಅಂದರೆ ಡೋಸ್, ಡ್ರಿಪ್ ರೇಟ್, ಸುಲಭ ಅಂತ ಸುಮ್ನೆ ಬಿಡಬೇಡಿ. ಯುಕೆಗೆ ಹೋದ ಮೇಲೆ ಆಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆ ಇರುತ್ತದೆ, 10 ಸ್ಟೇಷನ್, ಅಂದರೆ 10 ಹಂತ. ಜ್ಞಾನ ಕಡಿಮೆಯಾಗಿ ಅಲ್ಲ, ಅಭ್ಯಾಸಬಲದಿಂದ ಎಡವುವವರೇ ಜಾಸ್ತಿ. ಮಾತ್ರೆ ಕೊಡುವ ಮುಂಚೆ ರೋಗಿಯ ಹೆಸರು, ಹುಟ್ಟಿದ ದಿನ ಕೇಳಿ, ಕೈಪಟ್ಟಿ ನೋಡಿ, ಅಲರ್ಜಿ ಇದೆಯಾ ಅಂತ ಬಾಯಿಬಿಟ್ಟು ಕೇಳಬೇಕು. ಮನಸ್ಸಿನಲ್ಲೇ ನೋಡಿಕೊಂಡರೆ ಪರೀಕ್ಷಕರಿಗೆ ಗೊತ್ತಾಗುವುದಿಲ್ಲ.

ಇನ್ನು ಕೆಲಸ ಕೊಡಿಸಲು ಏಜೆಂಟ್ ಕೇಳಿದ್ದಾನೆ ಅಂದಿರಲ್ಲ, ಆ 3 ಲಕ್ಷ. ಕೊಡಲೇಬೇಡಿ. ಕೆಲಸ ಕೊಡಿಸಲು ಅಭ್ಯರ್ಥಿಯಿಂದ ಹಣ ಪಡೆಯುವಂತಿಲ್ಲ ಎಂದು ಯುಕೆ ಸರ್ಕಾರದ ನೇಮಕಾತಿ ಸಂಹಿತೆಯಲ್ಲೇ ಇದೆ. ಆಫರ್ ಬಂದಾಗ, ಮಧ್ಯದಲ್ಲಿ ಕೆಲಸ ಬಿಟ್ಟರೆ ಎಷ್ಟು ಹಣ ವಾಪಸ್ ಕಟ್ಟಬೇಕು ಅನ್ನುವ ಷರತ್ತನ್ನು ಸಹಿ ಮಾಡುವ ಮುಂಚೆಯೇ ಓದಿ. ಕರ್ನಾಟಕ ನರ್ಸಿಂಗ್ ಕೌನ್ಸಿಲ್‌ನಿಂದ ನಿಮ್ಮ ನೋಂದಣಿಯ ವೆರಿಫಿಕೇಶನ್‌ಗೆ ಈಗಲೇ ಓಡಾಡಿ, ಮತ್ತು ಅಂಕಪಟ್ಟಿ, ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಒಂದೇ ಥರ ಇದೆಯಾ ನೋಡಿಕೊಳ್ಳಿ.