ಮಾವನ ಅಂಗಡಿಗೆ ಬೇಕಿರುವುದು ನೀವೋ, ನಿಮ್ಮ ಸರ್ಟಿಫಿಕೇಟೋ?

ಪ್ರಶ್ನೆ: ನಾನು ಸಿಂಧನೂರಿನವಳು. ಪಿಸಿಎಂಬಿಯಲ್ಲಿ ದ್ವಿತೀಯ ಪಿಯುಸಿ ಮುಗಿಸಿ ಸಿಇಟಿ ಬರೆದಿದ್ದೇನೆ. ಔಷಧ ತಯಾರಿಸುವ ಕಂಪನಿಯಲ್ಲಿ ಕೆಲಸ ಮಾಡುವ ಆಸೆ. ಸೋದರಮಾವನ ಮೆಡಿಕಲ್ ಶಾಪ್ ಬೇರೊಬ್ಬರ ಸರ್ಟಿಫಿಕೇಟಿನ ಮೇಲೆ ನಡೆಯುತ್ತಿದೆ. ತರಗತಿಗೆ ಹೋಗದೆಯೂ ಪಾಸಾಗಬಹುದಾದ ಕಾಲೇಜಿನಲ್ಲಿ ಡಿ.ಫಾರ್ಮಾ (ಫಾರ್ಮಸಿ ಡಿಪ್ಲೊಮಾ) ಮಾಡಿಸುತ್ತೇನೆ, ಖರ್ಚು ತನ್ನದೇ ಎನ್ನುತ್ತಾರೆ. ಗೆಳತಿಯರು ಫಾರ್ಮ್.ಡಿ (ಡಾಕ್ಟರ್ ಆಫ್ ಫಾರ್ಮಸಿ) ಸೇರು ಎನ್ನುತ್ತಾರೆ. ಅಪ್ಪನದು ನಾಲ್ಕು ಎಕರೆ ಭತ್ತದ ಗದ್ದೆ. ಯಾವುದನ್ನು ಆರಿಸಲಿ?

ಉತ್ತರ: ಕಂಪನಿಯ ಕೆಲಸವೇ ನಿಮ್ಮ ಗುರಿಯಾಗಿದ್ದರೆ ನಾಲ್ಕು ವರ್ಷದ ಫಾರ್ಮಸಿ ಪದವಿ ಬಿ.ಫಾರ್ಮಾ ಸೇರಿ. ಉತ್ಪಾದನೆ, ಗುಣಮಟ್ಟ ಪರೀಕ್ಷೆ, ಸಂಶೋಧನೆಯಂಥ ವಿಭಾಗಗಳಲ್ಲಿ ಮೇಲೇರಲು ಪದವಿ ಬೇಕು. ಮುಂದೆ ಔಷಧ ನಿರೀಕ್ಷಕರ ಹುದ್ದೆಗೆ ಅರ್ಜಿ ಹಾಕುವುದಾದರೂ ಡಿಪ್ಲೊಮಾ ಸಾಲದು. ಕ್ಯಾನ್ಸರ್ ಔಷಧಗಳ ಮೂಲವಸ್ತು ತಯಾರಿಸುವ ಶಿಲ್ಪಾ ಮೆಡಿಕೇರ್ ನಿಮ್ಮ ರಾಯಚೂರಿನದೇ ಕಂಪನಿ. ಔಷಧ ಕಾರ್ಖಾನೆಗಳ ಹೈದರಾಬಾದ್ ಕೂಡ ದೂರವಲ್ಲ.

ಡಿ.ಫಾರ್ಮಾ ಕೀಳೆಂದು ನಾನು ಹೇಳುತ್ತಿಲ್ಲ. ಎರಡು ವರ್ಷದ ಓದು, 500 ಗಂಟೆಗಳ ಪ್ರಾಯೋಗಿಕ ತರಬೇತಿ ಮುಗಿಸಿ ಫಾರ್ಮಸಿಸ್ಟ್ ಎಂದು ನೋಂದಣಿ ಮಾಡಿಸಿಕೊಂಡು ಸ್ವಂತ ಅಂಗಡಿ ತೆರೆಯಬಯಸುವವರಿಗೆ ಅದು ಸರಿಯಾದ ದಾರಿ, ಆನಂತರ ಬಿ.ಫಾರ್ಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರುವ ಅವಕಾಶವೂ ಇದೆ. ಫಾರ್ಮ್.ಡಿ ಇಂಟರ್ನ್‌ಶಿಪ್ ಸೇರಿ ಆರು ವರ್ಷದ ಕೋರ್ಸ್. ವಾರ್ಡುಗಳಲ್ಲಿ ವೈದ್ಯರ ಜೊತೆ ನಿಂತು ರೋಗಿಯ ಔಷಧಗಳನ್ನು ಪರಿಶೀಲಿಸುವ ಕೆಲಸಕ್ಕೆ ಅದು ಸಿದ್ಧಪಡಿಸುತ್ತದೆ. ಹೆಸರಿನ ಮುಂದೆ ಡಾಕ್ಟರ್ ಬರುತ್ತದೆಂಬ ಒಂದೇ ಕಾರಣಕ್ಕೆ ಅಪ್ಪನ ಮೇಲೆ ಇನ್ನೆರಡು ವರ್ಷದ ಹೊರೆ ಹೊರಿಸಬೇಡಿ.

ಇನ್ನು ಮಾವನ ಮಾತು. 1948ರ ಫಾರ್ಮಸಿ ಕಾಯ್ದೆಯ ಪ್ರಕಾರ ವೈದ್ಯರ ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟರೇ ಕೊಡಬೇಕು. ಗೋಡೆಯ ಮೇಲೆ ನಿಮ್ಮ ಸರ್ಟಿಫಿಕೇಟ್ ತೂಗುತ್ತಿದ್ದು, ಕೌಂಟರಿನಲ್ಲಿ ಏಳನೇ ತರಗತಿ ಓದಿದ ಹುಡುಗ ನಿಂತಿದ್ದರೆ, ತಪ್ಪು ಮಾತ್ರೆ ಹೋದ ದಿನ ಉತ್ತರ ಕೊಡಬೇಕಾದವರು ನೀವೇ ಆಗುತ್ತೀರಿ. ಅಂಗಡಿಯ ಲೈಸೆನ್ಸಿನ ಜೊತೆಗೆ ನಿಮ್ಮ ನೋಂದಣಿಗೂ ಕುತ್ತು ಬರಬಹುದು. ಅದಕ್ಕಿಂತ ಮುಖ್ಯವಾಗಿ, ಆ ಅಂಗಡಿಯ ಫಾರ್ಮಸಿಸ್ಟ್ ಎಂದು ನಿಮ್ಮ ಹೆಸರು ದಾಖಲಾಗಿರುವಷ್ಟು ಕಾಲ ನೀವು ಇನ್ನೊಂದು ಊರಿನ ಕಂಪನಿಯಲ್ಲಿ ಪೂರ್ಣಾವಧಿ ನೌಕರಿ ಮಾಡುವಂತಿಲ್ಲ, ಅಂದರೆ ಮಾವ ಕೊಡುವ ಶುಲ್ಕಕ್ಕೆ ಪ್ರತಿಯಾಗಿ ನೀವು ಒತ್ತೆಯಿಡುವುದು ನಿಮ್ಮ ಆಸೆಯನ್ನೇ. ತರಗತಿಯೇ ಇಲ್ಲದ ಕಾಲೇಜಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಔಷಧದ ಪ್ರಮಾಣ ಕಲಿಯದವರ ಕೈಯಿಂದ ಔಷಧ ತೆಗೆದುಕೊಳ್ಳಲು ಸ್ವತಃ ಮಾವನೂ ಹಿಂಜರಿಯುತ್ತಾರೆ.

ಹಣದ ಚಿಂತೆ ಸಹಜವಾದದ್ದೇ. ಸಿಇಟಿ ಮೂಲಕ ಸರ್ಕಾರಿ ಕೋಟಾದ ಸೀಟಿಗೆ ಪ್ರಯತ್ನಿಸಿ. ರಾಯಚೂರು ಜಿಲ್ಲೆಯವರಾದ ನಿಮಗೆ ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕದ ಮೀಸಲಾತಿ ಇದೆ; ಸಹಾಯಕ ಆಯುಕ್ತರು ನೀಡುವ ಅರ್ಹತಾ ಪ್ರಮಾಣಪತ್ರ ಕೈಯಲ್ಲಿಲ್ಲದಿದ್ದರೆ ಈಗಲೇ ಅರ್ಜಿ ಹಾಕಿ. ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್ ನೋಡಿ. ಕಾಲೇಜು ಯಾವುದೇ ಇರಲಿ, ಆ ಕೋರ್ಸಿಗೆ ಭಾರತೀಯ ಫಾರ್ಮಸಿ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಪರಿಷತ್ತಿನ ಪಟ್ಟಿಯಲ್ಲೇ ಖಚಿತಪಡಿಸಿಕೊಳ್ಳಿ. ಮಾನ್ಯತೆಯಿಲ್ಲದ ಕೋರ್ಸ್ ಓದಿದರೆ ನೋಂದಣಿ ಸಿಗುವುದಿಲ್ಲ.

ಮಾವನಿಗೆ ಈ ಮಾತನ್ನು ನೀವಾಗಿ ಹೇಳುವುದಕ್ಕಿಂತ ನಿಮ್ಮ ಅವ್ವ ಹೇಳಿದರೆ ಚೆನ್ನ. ಅವರು ಅವ್ವನ ಒಡಹುಟ್ಟಿದವರಲ್ಲವೇ. ಸರ್ಟಿಫಿಕೇಟಿನ ಬಾಡಿಗೆಗೆ ಇನ್ನಷ್ಟು ಸೇರಿಸಿ ಒಬ್ಬ ಫಾರ್ಮಸಿಸ್ಟರನ್ನು ಸಂಬಳಕ್ಕೆ ಇಟ್ಟುಕೊಳ್ಳುವಂತೆ ಅವ್ವ ಕೇಳಲಿ. ಆ ಮಾತು ಸಿಇಟಿಯ ಆಪ್ಷನ್ ಎಂಟ್ರಿಗೆ, ಅಂದರೆ ಕಾಲೇಜು, ಕೋರ್ಸುಗಳ ಆಯ್ಕೆ ದಾಖಲಿಸುವುದಕ್ಕೆ, ಮೊದಲೇ ಮುಗಿಯಲಿ.